ಮೊದಲು ಹಳಿ, ಆಮೇಲೆ ಎಂಜಿನ್

ಡೆನ್ಮಾರ್ಕಿನ ಬಿಲುಂಡ್ ಎಂಬ ಊರಿಗೆ ರೈಲಿಲ್ಲ. ವಿಮಾನ ನಿಲ್ದಾಣ ಇದೆ, ಲೆಗೊಲ್ಯಾಂಡ್ ಇದೆ, ಆಟಿಕೆ ಮಾಡುವ ಲೆಗೊ ಕಂಪನಿಯ ಮುಖ್ಯ ಕಚೇರಿಯೂ ಅಲ್ಲೇ ಇದೆ. ಆದರೆ ರೈಲಿನಲ್ಲಿ ಬರುವವರು ವೈಲೆ ಎಂಬ ಊರಿನಲ್ಲಿ ಇಳಿದು ಬಸ್ಸು ಹಿಡಿಯಬೇಕು. ಹಿಂದೊಮ್ಮೆ ಬಿಲುಂಡ್ ಮೂಲಕ ಒಂದು ಸಣ್ಣ ರೈಲುಮಾರ್ಗ ಹಾದುಹೋಗುತ್ತಿತ್ತು. 1957ರಲ್ಲಿ ಅದನ್ನು ಮುಚ್ಚಿದರು. ಅದಾದ ಒಂಬತ್ತು ವರ್ಷಕ್ಕೆ, 1966ರಲ್ಲಿ, ಅದೇ ಊರಿನ ಕಾರ್ಖಾನೆಯಿಂದ ನೀಲಿ ಪ್ಲಾಸ್ಟಿಕ್ ಹಳಿಗಳ ಮೇಲೆ ಓಡುವ ಆಟದ ರೈಲು ಹೊರಟಿತು. ಆ ರೈಲು ಇನ್ನೂ ನಿಂತಿಲ್ಲ.

ಈ ರೈಲಿನ ಹುಚ್ಚು ಹತ್ತಿಸಿಕೊಂಡವರನ್ನು ಮಾತಿಗೆಳೆಯಲು ಒಂದು ಸುಲಭದ ದಾರಿ ಇದೆ. ಯಾವ ಎಂಜಿನ್ ಚೆನ್ನಾಗಿದೆ ಎಂದು ಕೇಳಿದರೆ ಎರಡು ಹೆಸರು ಹೇಳಿ ಸುಮ್ಮನಾಗುತ್ತಾರೆ. ಯಾವ ಹಳಿ ಚೆನ್ನಾಗಿದೆ ಎಂದು ಕೇಳಿದಿರೋ, ಅರ್ಧ ದಿನ ಹೋಯಿತು ಎಂದೇ ಲೆಕ್ಕ. ಲೋಹದ ಹಳಿಯೋ ಪ್ಲಾಸ್ಟಿಕ್ ಹಳಿಯೋ, ತಿರುವು ಎಷ್ಟು ಅಗಲ ಇರಬೇಕು, ರೈಲಿನ ದಾರಿ ಬದಲಿಸುವ ಪಾಯಿಂಟ್ಸ್ ಡಬ್ಬಿಯಲ್ಲಿ ಏಕೆ ಸಾಕಷ್ಟು ಕೊಡುವುದಿಲ್ಲ, ಹೀಗೆ ದೂರುಗಳ ಸರಮಾಲೆ. ಅಂಗಡಿಯ ಡಬ್ಬಿಯ ಮೇಲೆ ದೊಡ್ಡದಾಗಿ ಕಾಣುವುದು ಎಂಜಿನ್ನಿನ ಚಿತ್ರ. ಮನೆಗೆ ತಂದು ಆರು ತಿಂಗಳಾದ ಮೇಲೆ ಜಗಳವಾಗುವುದು ಮಾತ್ರ ಹಳಿಯ ಬಗ್ಗೆ.

ಕಂಪನಿಯ ಕಥೆ ಹಲವರಿಗೆ ಗೊತ್ತಿರುವುದೇ. ಓಲೆ ಕಿರ್ಕ್ ಕ್ರಿಸ್ಟಿಯನ್ಸೆನ್ ಎಂಬ ಬಡಗಿ 1932ರಲ್ಲಿ ಮರದ ಆಟಿಕೆ ಮಾಡಲು ಶುರುಮಾಡಿದ. ಡ್ಯಾನಿಶ್ ಭಾಷೆಯಲ್ಲಿ ‘ಚೆನ್ನಾಗಿ ಆಡು’ ಎನ್ನುವ ಎರಡು ಪದಗಳನ್ನು ಕತ್ತರಿಸಿ ಕೂಡಿಸಿದ್ದೇ ಲೆಗೊ. ಮೇಲೆ ಉಬ್ಬು, ಒಳಗೆ ಕೊಳವೆ ಇರುವ ಇಂದಿನ ಪ್ಲಾಸ್ಟಿಕ್ ಇಟ್ಟಿಗೆಗೆ ಪೇಟೆಂಟ್ ಅರ್ಜಿ ಬಿದ್ದದ್ದು 1958ರ ಜನವರಿ 28ರಂದು. ಅಂದಿನ ಇಟ್ಟಿಗೆ ಇಂದಿನ ಇಟ್ಟಿಗೆಗೆ ಈಗಲೂ ಟಕ್ಕೆಂದು ಕಚ್ಚಿಕೊಳ್ಳುತ್ತದೆ. ಅಜ್ಜನ ಡಬ್ಬಿಯ ತುಣುಕು ಮೊಮ್ಮಗಳ ಮನೆಗೆ ಆಗುತ್ತದೆ ಎನ್ನುವುದು ಕಂಪನಿಯ ಹೆಮ್ಮೆ.

ರೈಲಿನ ವಿಷಯದಲ್ಲಿ ಮಾತ್ರ ಈ ಮಾತು ಅರ್ಧ ನಿಜ. ಹಳಿಗಳ ನಡುವಿನ ಅಂತರ 1966ರಲ್ಲಿ ಎಷ್ಟಿತ್ತೋ ಇಂದಿಗೂ ಅಷ್ಟೇ ಇದೆ: ಒಳಅಂಚಿನಿಂದ ಒಳಅಂಚಿಗೆ ಸುಮಾರು 37.5 ಮಿ.ಮೀ. ಆದರೆ ರೈಲನ್ನು ಓಡಿಸುವ ಕರೆಂಟು ಎಲ್ಲಿಂದ ಬರಬೇಕು ಎನ್ನುವುದನ್ನು ಕಂಪನಿ ಮತ್ತೆ ಮತ್ತೆ ಬದಲಿಸಿತು. ಪ್ರತಿ ಸಲ ಬದಲಿಸಿದಾಗಲೂ ಹಳೆಯ ಮೋಟಾರು, ಹಳೆಯ ಹಳಿ ಕೊಂಡವರು ಕೈಕೈ ಹಿಸುಕಿಕೊಂಡರು. ಹವ್ಯಾಸಿಗಳ ಸಿಟ್ಟಿನ ಬೇರು ಇಲ್ಲಿದೆ.

ಮೊದಲು ಬಂದದ್ದು 4.5 ವೋಲ್ಟ್ ರೈಲು. ಒಂದೂವರೆ ವೋಲ್ಟಿನ ಮೂರು ಸೆಲ್ ಇಟ್ಟ ಪೆಟ್ಟಿಗೆ ರೈಲಿನ ಜೊತೆಯೇ ಓಡುತ್ತಿತ್ತು. ಹಳಿ ಎಂದರೆ ಎರಡು ನೀಲಿ ಕಂಬಿ, ಅವನ್ನು ಹಿಡಿದಿಡಲು ಬಿಳಿಯ ಸ್ಲೀಪರು, ಒಂದೊಂದಾಗಿ ಕೂರಿಸಬೇಕು. 1968ರಲ್ಲಿ ಸೀಟಿ ಊದಿದರೆ ಸದ್ದು ಕೇಳಿ ಓಡುವ, ನಿಲ್ಲುವ ಎಂಜಿನ್ನನ್ನೂ ತಂದರು. ಮೊಬೈಲಿಗೆ ಮಾತಾಡಿದರೆ ದೀಪ ಹತ್ತುವ ಈ ಕಾಲದಲ್ಲಿ ಅದು ದೊಡ್ಡದಾಗಿ ಕಾಣಲಿಕ್ಕಿಲ್ಲ; ಆ ಕಾಲದ ಮಕ್ಕಳಿಗೆ ಅದು ಮಾಯಾಜಾಲವೇ ಇದ್ದಿರಬೇಕು.

1969ರಲ್ಲಿ 12 ವೋಲ್ಟ್ ಬಂತು. ಎರಡು ಹಳಿಗಳ ನಡುವೆ ಕರೆಂಟು ಹರಿಯುವ ಇನ್ನೊಂದು ಪಟ್ಟಿ, ಗೋಡೆಯ ಪ್ಲಗ್ಗಿಗೆ ಒಂದು ಟ್ರಾನ್ಸ್‌ಫಾರ್ಮರು. 1980ರಲ್ಲಿ ಹಳಿಗಳು ನೀಲಿ ಬಣ್ಣ ಬಿಟ್ಟು ಬೂದು ಬಣ್ಣಕ್ಕೆ ತಿರುಗಿದವು. ಅಲ್ಲಿಂದ ಮುಂದಿನ ಹತ್ತು ವರ್ಷವನ್ನು ಯುರೋಪಿನ ಹಳೆಯ ಹವ್ಯಾಸಿಗಳು ಇಂದಿಗೂ ಕಣ್ಣು ಮುಚ್ಚಿ ನೆನೆಯುತ್ತಾರೆ. ಕುಳಿತಲ್ಲೇ ಗುಂಡಿ ಒತ್ತಿದರೆ ಪಾಯಿಂಟ್ಸ್ ಸರಿಯುತ್ತಿದ್ದವು, ಲೆವೆಲ್ ಕ್ರಾಸಿಂಗಿನ ಗೇಟು ಬೀಳುತ್ತಿತ್ತು, ಬೋಗಿ ಕಳಚಿಕೊಳ್ಳುತ್ತಿತ್ತು. ಸಿಗ್ನಲ್ ಕೆಂಪಾದರೆ ಅಷ್ಟು ಉದ್ದದ ಹಳಿಗೆ ಕರೆಂಟು ನಿಂತು ರೈಲೂ ನಿಲ್ಲುತ್ತಿತ್ತು. ಈ ಗುಂಡಿಗಳ ಪೆಟ್ಟಿಗೆಗಳನ್ನೆಲ್ಲ ಟ್ರಾನ್ಸ್‌ಫಾರ್ಮರಿನ ಪಕ್ಕ ಸಾಲಾಗಿ ಜೋಡಿಸಿದರೆ ಸ್ಟೇಷನ್ ಮಾಸ್ಟರ ಕೋಣೆಯೇ ಮೇಜಿನ ಮೇಲೆ ಬಂದ ಹಾಗೆ. ಇಷ್ಟೆಲ್ಲ ಸೌಕರ್ಯವನ್ನು ಲೆಗೊ ಮತ್ತೆಂದೂ ಒಟ್ಟಿಗೆ ಕೊಟ್ಟಿಲ್ಲ. ನಲವತ್ತು ವರ್ಷ ಹಿಂದಿನ ಆಟಿಕೆಯಲ್ಲಿ ಇದ್ದದ್ದು ಇಂದಿನ ಆಟಿಕೆಯಲ್ಲಿ ಇಲ್ಲ ಎನ್ನುವುದು ವಿಚಿತ್ರ, ಆದರೆ ನಿಜ.

1991ರಲ್ಲಿ 9 ವೋಲ್ಟ್ ಬಂತು. ನಡುವಿನ ಪಟ್ಟಿ ಮಾಯವಾಯಿತು. ರೈಲು ಓಡುವ ಹಳಿಯ ತಲೆಗೇ ಲೋಹದ ತೆಳು ತಗಡು ಹೊದಿಸಿದರು. ಎಡ ಹಳಿಯಲ್ಲಿ ಕರೆಂಟು ಬಂದು ಬಲ ಹಳಿಯಲ್ಲಿ ಹಿಂದಿರುಗುತ್ತದೆ. ಮೋಟಾರಿನ ಲೋಹದ ಚಕ್ರಗಳೇ ಅದನ್ನು ಎತ್ತಿಕೊಳ್ಳುತ್ತವೆ. ಕಂಬಿ, ಸ್ಲೀಪರು ಎಲ್ಲ ಸೇರಿ ಒಂದೇ ತುಂಡಾದ್ದರಿಂದ ಜೋಡಣೆಯೂ ಸುಲಭವಾಯಿತು. ನೋಡಲು ಹಳಿ ನಿಜವಾದ ಹಳಿಯ ಹಾಗೆ ಹೊಳೆಯುತ್ತಿತ್ತು. ಆ ವರ್ಷದ ಮೆಟ್ರೊಲೈನರ್ ಎಂಬ ಅಮೆರಿಕದ ಮಾದರಿಯ ರೈಲು ಎಷ್ಟು ಮೆಚ್ಚುಗೆ ಗಳಿಸಿತೆಂದರೆ, 2001ರಲ್ಲಿ ಅದನ್ನೇ ಮತ್ತೆ ಮಾರುಕಟ್ಟೆಗೆ ತಂದರು.

ಹವ್ಯಾಸಿಗಳಲ್ಲಿ ಬಹುಮಂದಿಯ ಮತ 9 ವೋಲ್ಟಿನ ಕಡೆಗೇ. ಹಾಗೆಂದು ಅದಕ್ಕೆ ಕುಂದಿಲ್ಲ ಎಂದಲ್ಲ. ಹಳಿಯನ್ನು ಒಂದು ಸುತ್ತು ಹಾಕಿಸಿ, ಬಂದ ದಾರಿಗೇ ತಂದು ಸೇರಿಸಿ ನೋಡಿ. ಎಡ ಹಳಿ ಹೋಗಿ ಬಲ ಹಳಿಗೆ ಮುಟ್ಟುತ್ತದೆ, ಶಾರ್ಟ್ ಆಗುತ್ತದೆ, ಎಲ್ಲ ನಿಂತುಹೋಗುತ್ತದೆ. ಒಂದೇ ಹಳಿಯ ಮೇಲೆ ಎರಡು ರೈಲು ಬಿಟ್ಟರೆ ಒಂದನ್ನು ನಿಲ್ಲಿಸಿ ಇನ್ನೊಂದನ್ನು ಓಡಿಸಲು ಬರುವುದಿಲ್ಲ, ರೆಗ್ಯುಲೇಟರ್ ತಿರುವಿದರೆ ಎರಡೂ ಓಡುತ್ತವೆ. ಹಳಿಯ ಮೇಲೆ ಕಪ್ಪು ಜಿಡ್ಡು ಕೂತರೆ ಎಂಜಿನ್ ತಡವರಿಸುತ್ತದೆ. ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಮೀಟರುಗಟ್ಟಲೆ ಒರೆಸುತ್ತ ಕೂರಬೇಕು. ಆದರೂ ಬೆಳಗ್ಗೆ ಸ್ವಿಚ್ ಹಾಕಿದರೆ ಸಂಜೆಯವರೆಗೆ ತನ್ನ ಪಾಡಿಗೆ ಸುತ್ತುವ ರೈಲು ಅದು. ಪ್ರದರ್ಶನಗಳಲ್ಲಿ ರೈಲು ಓಡಿಸುವವರಿಗೆ ಇದಕ್ಕಿಂತ ದೊಡ್ಡ ವರ ಬೇಕಿಲ್ಲ.

ಆಮೇಲೆ ಬಂತು ಏಟು. ಲೆಗೊ ಕಂಪನಿ 2003–04ರ ಸುಮಾರಿಗೆ ನಷ್ಟದಲ್ಲಿ ಮುಳುಗಿತ್ತು. 2004ರಲ್ಲಿ ಅಧಿಕಾರ ವಹಿಸಿಕೊಂಡ ಯೋರ್ಗನ್ ವಿಗ್ ಕ್ನುಡ್‌ಸ್ಟಾರ್ಪ್ ಕಾಲದಲ್ಲಿ ಖರ್ಚಿನ ಬಾಬ್ತುಗಳಿಗೆ ಕತ್ತರಿ ಬಿತ್ತು. ಅದೇ ಹೊತ್ತಿಗೆ ಬೂದು ಬಣ್ಣಕ್ಕೆ ನೀಲಿಯ ಛಾಯೆ ಬೆರೆಸಿದರು; ಹಳೆಯ ಬೂದು ಇಟ್ಟಿಗೆಯ ಪಕ್ಕ ಹೊಸದನ್ನಿಟ್ಟರೆ ತೇಪೆ ಹಾಕಿದ ಹಾಗೆ ಕಾಣುತ್ತದೆಂದು ಬಂದ ಗೊಣಗಾಟ ಇಂದಿಗೂ ಪೂರ್ತಿ ನಿಂತಿಲ್ಲ. 2006ರಲ್ಲಿ ರಿಮೋಟಿನಿಂದ ಓಡುವ, ಬ್ಯಾಟರಿಯ ರೈಲು ಬಂತು. ಅದರ ಹಳಿ ಪೂರ್ತಿ ಪ್ಲಾಸ್ಟಿಕ್. ಆ ದಶಕ ಮುಗಿಯುವಷ್ಟರಲ್ಲಿ ಲೋಹದ ಹಳಿ ಅಂಗಡಿಗಳಿಂದ ಮರೆಯಾಯಿತು. 2010ರ ಹೊತ್ತಿಗೆ ಪವರ್ ಫಂಕ್ಷನ್ಸ್ ಎಂಬ ವ್ಯವಸ್ಥೆ, 2018ರಲ್ಲಿ ಬ್ಲೂಟೂತ್ ಮೂಲಕ ನಡೆಯುವ ಪವರ್ಡ್ ಅಪ್. ಮೂರೂ ಬ್ಯಾಟರಿಯವೇ. ಆದರೆ ಒಂದರ ಪ್ಲಗ್ ಇನ್ನೊಂದಕ್ಕೆ ಆಗದು!

ಬ್ಯಾಟರಿ ಬಂದದ್ದರಿಂದ ಲಾಭವಿಲ್ಲವೇ? ಇದೆ. ಪ್ಲಾಸ್ಟಿಕ್ ಹಳಿಯನ್ನು ಹೇಗೆ ಬೇಕಾದರೂ ಸುತ್ತಿಸಬಹುದು, ಶಾರ್ಟ್ ಎಂಬ ಮಾತೇ ಇಲ್ಲ. ಒಂದೇ ಹಳಿಯ ಮೇಲೆ ಎರಡು ರೈಲನ್ನು ಬೇರೆಬೇರೆಯಾಗಿ ಓಡಿಸಬಹುದು. ಮಕ್ಕಳ ಕೈಗೆ ಪ್ಲಗ್ಗಿನ ತಂತಿ ಸಿಗುವ ಭಯವಿಲ್ಲ. ಆದರೆ ಪವರ್ಡ್ ಅಪ್ ಹಬ್ಬಿಗೆ, ಅಂದರೆ ಅದರ ಬ್ಯಾಟರಿ ಪೆಟ್ಟಿಗೆಗೆ, ಆರು ತೆಳು ಸೆಲ್ ಬೇಕು, ಅದರ ಗಾತ್ರ ಉದ್ದಕ್ಕೆ ಎಂಟು ಸ್ಟಡ್, ಅಡ್ಡಕ್ಕೆ ನಾಲ್ಕು ಸ್ಟಡ್. (ಇಟ್ಟಿಗೆಯ ನೆತ್ತಿಯ ಮೇಲಿನ ಉಬ್ಬಿಗೆ ಸ್ಟಡ್ ಎನ್ನುತ್ತಾರೆ, ಒಂದರಿಂದ ಇನ್ನೊಂದಕ್ಕೆ 8 ಮಿ.ಮೀ. ಲೆಗೊ ಲೋಕದಲ್ಲಿ ಅಡಿ, ಅಂಗುಲ ಎಲ್ಲ ಅದೇ.) ಆರು ಸ್ಟಡ್ ಅಗಲದ ಎಂಜಿನ್ನಿನಲ್ಲಿ ಎರಡೂ ಬದಿಯ ಗೋಡೆ ಬಿಟ್ಟರೆ ಒಳಗೆ ಉಳಿಯುವುದೇ ನಾಲ್ಕು ಸ್ಟಡ್. ಹಬ್ ಕೂತ ಮೇಲೆ ಡ್ರೈವರ್ ಹೊರಗೇ ನಿಲ್ಲಬೇಕು.

ಹಳಿಯ ಗಣಿತಕ್ಕೆ ಬರೋಣ. ಒಂದು ನೇರ ಹಳಿಯ ಉದ್ದ 16 ಸ್ಟಡ್, ಅಂದರೆ 12.8 ಸೆಂ.ಮೀ. ತಿರುವಿನ ಹಳಿ ಹದಿನಾರು ಸೇರಿದರೆ ಒಂದು ವೃತ್ತ. ಅದರ ತ್ರಿಜ್ಯ 40 ಸ್ಟಡ್, ಅಂದರೆ 32 ಸೆಂ.ಮೀ. ಸ್ಲೀಪರಿನ ಅಂಚೂ ಸೇರಿ ವೃತ್ತ ಹಿಡಿಯುವ ಜಾಗ ಸುಮಾರು 70 ಸೆಂ.ಮೀ. ಚೌಕ. ನೆಲದ ಮೇಲೆ ದಿನಪತ್ರಿಕೆಯನ್ನು ಪೂರ್ತಿ ಬಿಡಿಸಿ ಹಾಸಿದರೆ ಹೆಚ್ಚುಕಡಿಮೆ ಅಷ್ಟೇ. ವೃತ್ತದ ಸುತ್ತಳತೆ ಎರಡು ಮೀಟರು. ಒಂದು ಎಂಜಿನ್, ಮೂರು ಬೋಗಿ ಕಟ್ಟಿದರೆ ರೈಲಿನ ಉದ್ದವೇ ಒಂದು ಮೀಟರಿಗೆ ಬರುತ್ತದೆ. ಆಗ ಓಡುವುದು ರೈಲಲ್ಲ, ತನ್ನ ಬಾಲ ಹಿಡಿಯಲು ಹೊರಟ ಬೆಕ್ಕು.

ಈ 40 ಸ್ಟಡ್ಡಿನ ತಿರುವೇ ಹವ್ಯಾಸಿಗಳ ದೊಡ್ಡ ತಕರಾರು. 9 ವೋಲ್ಟ್ ಕಾಲದಿಂದ ಇಂದಿನವರೆಗೆ ಲೆಗೊ ಅಂಗಡಿಯಲ್ಲಿ ಸಿಗುವ ಗಟ್ಟಿ ತಿರುವು ಇದೊಂದೇ. 2009ರಿಂದ ಬಾಗುವ ಹಳಿ ಎಂಬ ಒಂದು ಪದಾರ್ಥವನ್ನು ತಂದರು. ನಾಲ್ಕು ನಾಲ್ಕು ಸ್ಟಡ್ಡಿನ ತುಂಡುಗಳು, ಬೇಕಾದ ಕಡೆ ಬಗ್ಗಿಸಿಕೊಳ್ಳಬಹುದು. ಕೇಳಲು ಚೆನ್ನ. ಓಡಿಸಿದರೆ ಪ್ರತಿ ತುಂಡಿನ ಸಂದಿಯಲ್ಲೂ ಚಕ್ರ ಕಟಕಟ ಎನ್ನುತ್ತ, ಎಂಜಿನ್ ಏದುಸಿರು ಬಿಡುತ್ತ ಸಾಗುತ್ತದೆ. ಮೂಲೆಯಲ್ಲಿ ಎರಡು ಬೆರಳು ಜಾಗ ಕೂಡಿಬರದಿದ್ದಾಗ ತೇಪೆಗೆ ಅದು ಸರಿ. ಇಡೀ ಮಾರ್ಗ ಅದರಲ್ಲೇ ಹಾಕುವುದು ಬೇಡ.

ರೈಲು ಹಳಿ ತಪ್ಪುವುದು ಎಲ್ಲಿ ಎನ್ನುವುದನ್ನು ಹತ್ತಿರದಿಂದ ನೋಡಬೇಕು. ಮಲಗಿ, ಕೆನ್ನೆ ನೆಲಕ್ಕೆ ತಾಗಿಸಿ ನೋಡಿದರೆ ಮಾತ್ರ ಕಾಣುತ್ತದೆ. ಎರಡು ಹಳಿ ಸೇರುವಲ್ಲಿ ಒಂದು ಕೊಕ್ಕೆ ಪೂರ್ತಿ ಕೂತಿರುವುದಿಲ್ಲ. ತೋರುಬೆರಳ ತುದಿಯನ್ನು ಹಳಿಯ ಮೇಲೆ ಎಳೆದರೆ ಅಲ್ಲೊಂದು ಕೂದಲೆಳೆಯ ಮೆಟ್ಟಿಲು ಸಿಗುತ್ತದೆ. ಭಾರವಾದ ಎಂಜಿನ್ ಅದನ್ನು ತುಳಿದುಕೊಂಡು ಹೋಗುತ್ತದೆ; ಹಿಂದಿನ ಹಗುರ ಬೋಗಿಯ ಚಕ್ರ ಅದರ ಮೇಲೆ ಹತ್ತಿ, ಅರೆಕ್ಷಣ ತೂಗಿ, ಹೊರಕ್ಕೆ ಇಳಿಯುತ್ತದೆ. ಇನ್ನೊಂದು ಅಪಾಯದ ಜಾಗ ಪಾಯಿಂಟ್ಸ್ ದಾಟಿದ ಕೂಡಲೇ. ಬಲಕ್ಕೆ ತಿರುಗಿದ ರೈಲು ಪಕ್ಕದ ಹಳಿಗೆ ಸಮನಾಗಲು ತಕ್ಷಣ ಎಡಕ್ಕೆ ತಿರುಗಬೇಕು. ಉದ್ದದ ಬೋಗಿಗಳಾದರೆ ಒಂದರ ಮೂಲೆ ಬಲಕ್ಕೆ, ಇನ್ನೊಂದರ ಮೂಲೆ ಎಡಕ್ಕೆ ಸರಿದು, ನಡುವಿನ ಬಫರುಗಳು ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತವೆ. ಜಮಖಾನದ ಮೇಲೆ ಹಾಸಿದರೆ ಬೇರೆಯೇ ಪಾಡು: ನೂಲಿನ ಎಳೆ, ಕೂದಲು ಎಲ್ಲ ಅಚ್ಚಿಗೆ ಸುತ್ತಿಕೊಂಡು ಚಕ್ರ ತಿರುಗದಂತೆ ಮಾಡುತ್ತವೆ. ಚಿಮಟ ಹಿಡಿದು ಆ ಸಿಕ್ಕು ಬಿಡಿಸಿದವರಿಗೇ ಗೊತ್ತು. ಟೈಲ್ಸ್ ನೆಲ ಒಳ್ಳೆಯದು, ಆದರೆ ಜಾರುತ್ತದೆ, ಸದ್ದೂ ಹೆಚ್ಚು. ಅನುಭವಸ್ಥರು ಹಳಿಯ ಅಡಿಗೆ ಚಪ್ಪಟೆ ಇಟ್ಟಿಗೆ ಹಾಸಿ, ಬೂದು ತುಣುಕುಗಳನ್ನು ಜಲ್ಲಿಯ ಹಾಗೆ ತುಂಬುತ್ತಾರೆ. ನೋಡಲು ಚಂದ, ಹಳಿ ಅಲುಗುವುದೂ ಇಲ್ಲ.

ಕಂಪನಿ ಮಾಡದ್ದನ್ನು ಹೊರಗಿನವರು ಮಾಡಿದರು. ಇಟ್ಟಿಗೆಯ ಮೂಲ ಪೇಟೆಂಟುಗಳ ಅವಧಿ ಮುಗಿದು ಎಷ್ಟೋ ಕಾಲವಾಯಿತು. ಇಟ್ಟಿಗೆಯ ಆಕಾರವನ್ನೇ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಲೆಗೊ ಹೂಡಿದ ವಾದವನ್ನು ಯುರೋಪಿನ ಉನ್ನತ ನ್ಯಾಯಾಲಯ 2010ರಲ್ಲಿ ತಳ್ಳಿಹಾಕಿತು. ಹಾಗಾಗಿ ಲೆಗೊ ಹಳಿಗೆ ಹೊಂದುವ ಹಳಿ ಮಾಡಲು ಯಾರ ಅಪ್ಪಣೆಯೂ ಬೇಡ. ಅಮೆರಿಕದ ಬ್ರಿಕ್‌ಟ್ರ್ಯಾಕ್ಸ್, ಪೋಲೆಂಡಿನ ಟ್ರಿಕ್ಸ್‌ಬ್ರಿಕ್ಸ್ ಮುಂತಾದ ಸಣ್ಣ ಸಂಸ್ಥೆಗಳು 56, 72, 88, 104 ಸ್ಟಡ್ ತ್ರಿಜ್ಯದ ತಿರುವುಗಳನ್ನು ತಂದವು. ಕೆನಡಾದ ಎಫ್ಎಕ್ಸ್ ಬ್ರಿಕ್ಸ್ ಲೆಗೊ ಕೈಬಿಟ್ಟ ಲೋಹದ ಹಳಿಯನ್ನೇ ಮತ್ತೆ ತಯಾರಿಸಿತು. 104ರ ವೃತ್ತದಲ್ಲಿ ಉದ್ದದ ರೈಲು ಬಳುಕುತ್ತ ಬರುವುದನ್ನು ಒಮ್ಮೆ ನೋಡಿದವರಿಗೆ 40ರದ್ದು ಜಾತ್ರೆಯ ತೊಟ್ಟಿಲ ಹಾಗೆ ಕಾಣತೊಡಗುತ್ತದೆ. ಆದರೆ ಅದಕ್ಕೆ ಒಂದೂಮುಕ್ಕಾಲು ಮೀಟರ್ ಜಾಗ ಬೇಕು. ಹಾಲ್ ಇದ್ದಷ್ಟು ಹಳಿ ಚಾಚಬೇಕಲ್ಲ! ಲೆಗೊ ಅಲ್ಲದ ತುಣುಕನ್ನು ಮುಟ್ಟುವುದೇ ಇಲ್ಲ ಎನ್ನುವ ಮಡಿವಂತರೂ ಈ ಬಳಗದಲ್ಲಿದ್ದಾರೆ. ಹಳಿಯ ವಿಷಯದಲ್ಲಿ ಆ ಮಡಿಗೆ ಅರ್ಥವಿಲ್ಲ. ಕಂಪನಿ ಕೊಡದೆ ಇರುವುದನ್ನು ಕಂಪನಿಯಿಂದಲೇ ಕೊಳ್ಳುವುದು ಹೇಗೆ?

ಇನ್ನೊಂದು ಜಗಳ ಅಗಲದ್ದು. ಲೆಗೊ ಡಬ್ಬಿಯ ರೈಲುಗಳು ಸಾಮಾನ್ಯವಾಗಿ ಆರು ಸ್ಟಡ್ ಅಗಲ, ಅಂದರೆ 4.8 ಸೆಂ.ಮೀ. ಹಳಿಯ ಅಂತರಕ್ಕೆ ಹೋಲಿಸಿದರೆ ಇದು ತೀರಾ ಸಣಕಲು. ಜಗತ್ತಿನ ಬಹುಪಾಲು ದೇಶಗಳ 1,435 ಮಿ.ಮೀ. ಹಳಿಯನ್ನು ಲೆಗೊ ಹಳಿಗೆ ಇಳಿಸಿದರೆ 38ನೇ ಒಂದು ಪಾಲು ಬರುತ್ತದೆ. ಆ ಲೆಕ್ಕದಲ್ಲಿ ಮೂರು ಮೀಟರ್ ಅಗಲದ ಬೋಗಿ ಹತ್ತು ಸ್ಟಡ್ ಆಗಬೇಕು. ಹತ್ತು ಮಾಡಿದರೆ ಲೆಗೊ ಬೀದಿಯ ಕಾರು, ಮನೆಗಳ ಪಕ್ಕ ರೈಲು ಆನೆಯ ಹಾಗೆ ಕಾಣುತ್ತದೆ. ಆದ್ದರಿಂದ ಕೆಲವರು ಏಳು, ಬಹಳಷ್ಟು ಜನ ಎಂಟು ಸ್ಟಡ್ಡಿಗೆ ಒಪ್ಪಂದ ಮಾಡಿಕೊಂಡಿದ್ದಾರೆ. ಜರ್ಮನಿಯ ಹೊಲ್ಗರ್ ಮಾಥೆಸ್ 2017ರಲ್ಲಿ ಇಂಗ್ಲಿಷಿನಲ್ಲಿ ತಂದ ಲೆಗೊ ರೈಲುಗಳ ಪುಸ್ತಕ ಇಂಥ ಅಳತೆಯ ಲೆಕ್ಕಗಳನ್ನು ಬಿಡಿಸಿ ಹೇಳುತ್ತದೆ. ಸ್ವಂತ ರೈಲು ಕಟ್ಟಹೊರಟವರಿಗೆ ಒಳ್ಳೆಯ ಕೈಪಿಡಿ. ಲೆಗೊ ಮನುಷ್ಯನ ಗೊಂಬೆಯಂತೂ ಯಾವ ಲೆಕ್ಕಕ್ಕೂ ಸಿಗುವವನಲ್ಲ. ಎತ್ತರ ನೋಡಿದರೆ 42ನೇ ಪಾಲಿನ ಮನುಷ್ಯ, ಅಗಲ ನೋಡಿದರೆ ಡೋಲು. ಆರು ಸ್ಟಡ್ಡಿನ ಬೋಗಿಯೊಳಗೆ ಅವನಿಗೆ ಕೂರಲು ಜಾಗ ಸಿಕ್ಕರೆ ಓಡಾಡಲು ದಾರಿ ಸಿಗದು.

ಸೆಟ್‌ಗಳ ಮಾತು. ಹವ್ಯಾಸಿಗಳನ್ನು ಒಟ್ಟಿಗೆ ಕೂರಿಸಿ ಮತ ಹಾಕಿಸಿದರೆ 2009ರ ಎಮರಾಲ್ಡ್ ನೈಟ್ ಮೇಲಿನ ಸಾಲಿನಲ್ಲೇ ಇರುತ್ತದೆ. ಕಡುಹಸಿರು ಬಣ್ಣದ ಉಗಿಬಂಡಿ, 1,085 ತುಣುಕು, ಹಿಂದೆ ಕಲ್ಲಿದ್ದಲಿನ ಟೆಂಡರು ಮತ್ತು ಒಂದು ಊಟದ ಬೋಗಿ. ಅಂಚುಪಟ್ಟಿ ಇರುವ ದೊಡ್ಡ ಚಕ್ರಗಳನ್ನು ಲೆಗೊ ಕೊಟ್ಟದ್ದು ಈ ಎಂಜಿನ್ನಿಗಾಗಿಯೇ. ಅದಕ್ಕೂ ಮೊದಲು ಉಗಿಬಂಡಿ ಕಟ್ಟುವವರು ಪುಟ್ಟ ಚಕ್ರಗಳಲ್ಲೇ ಸಮಾಧಾನ ಪಟ್ಟುಕೊಳ್ಳಬೇಕಿತ್ತು. ಒಂದೇ ಬೋಗಿ ಕೊಟ್ಟು ಉಳಿದದ್ದಕ್ಕೆ ಇನ್ನೊಂದು ಡಬ್ಬಿ ಕೊಳ್ಳುವಂತೆ ಮಾಡಿದ್ದು ವ್ಯಾಪಾರದ ಜಾಣತನ. ಅಷ್ಟಾದರೂ ಲೆಗೊ ಮಾಡಿದ ರೈಲುಗಳಲ್ಲಿ ಅದಕ್ಕಿಂತ ಚೆಲುವಾದದ್ದು ಇನ್ನೊಂದಿಲ್ಲ. ಅದಕ್ಕೂ ಹಿಂದೆ, 2002ರ ಸಾಂತಾ ಫೆ ಸೂಪರ್ ಚೀಫ್ ಅಮೆರಿಕದ ಹವ್ಯಾಸಿಗಳ ಮನ ಗೆದ್ದಿತ್ತು. ಡಬ್ಬಿಯಲ್ಲಿ ಬರೀ ಎಂಜಿನ್. ಬೋಗಿ, ಮೋಟಾರು, ಹಳಿ ಎಲ್ಲ ಬೇರೆ. ಓಡಿಸಲು ಬಲ್ಲವರಿಗೆಂದೇ ಮಾಡಿದ ಸೆಟ್ ಅದು.

2020ರ ಕ್ರೊಕೊಡೈಲ್ ಸ್ವಿಟ್ಜರ್ಲೆಂಡಿನ ಗೊಟ್‌ಹಾರ್ಡ್ ಪರ್ವತಮಾರ್ಗದ ಹೆಸರಾಂತ ವಿದ್ಯುತ್ ಎಂಜಿನ್ನಿನ ಪಡಿಯಚ್ಚು. ಹಿಂದೆ ಮುಂದೆ ಚಾಚಿದ ಮೂತಿ, ಮಧ್ಯದಲ್ಲಿ ಕ್ಯಾಬು. ಮೂರು ಭಾಗಗಳಾಗಿ ಬಾಗುವುದರಿಂದ 40ರ ತಿರುವನ್ನೂ ದಾಟಿಬಿಡುತ್ತದೆ. 1,271 ತುಣುಕಿನ ಈ ಡಬ್ಬಿಯಲ್ಲಿ ಮೋಟಾರು ಇರಲಿಲ್ಲ, ಆದರೆ ಕೂರಿಸಲು ಜಾಗ ಬಿಟ್ಟಿದ್ದರು. ಸೌಜನ್ಯ ಎಂದರೆ ಅದು. 2023ರ ಓರಿಯಂಟ್ ಎಕ್ಸ್‌ಪ್ರೆಸ್ ಆ ಸೌಜನ್ಯ ತೋರಲಿಲ್ಲ. 2,540 ತುಣುಕು, ಬೋಗಿಯೊಳಗಿನ ಅಲಂಕಾರ ಕಣ್ಣು ಕುಕ್ಕುವಂಥದ್ದು, ಆದರೆ ಓಡುವ ರೈಲಲ್ಲ, ಶೋಕೇಸಿನದು. ಅದಕ್ಕೂ ಒಂದು ವರ್ಷ ಮೊದಲು ಬಂದ 5,129 ತುಣುಕಿನ ಹಾಗ್‌ವರ್ಟ್ಸ್ ಎಕ್ಸ್‌ಪ್ರೆಸ್ ಎಷ್ಟು ದೊಡ್ಡದೆಂದರೆ ಲೆಗೊ ಹಳಿಯ ಮೇಲೆ ನಿಲ್ಲುವುದೇ ಇಲ್ಲ. ಲೆಗೊ ರೈಲು ಲೆಗೊ ಹಳಿಗೆ ಆಗದು ಎಂದಾದರೆ ಅದನ್ನು ರೈಲು ಎನ್ನಬೇಕೋ ಪ್ರತಿಮೆ ಎನ್ನಬೇಕೋ? ಈ ದೊಡ್ಡ ಡಬ್ಬಿಗಳನ್ನು ಕೊಳ್ಳುವ ದೊಡ್ಡವರಿಗೆ ಹಳಿ ಹಾಸುವ ಪುರುಸೊತ್ತಿಲ್ಲ ಎಂದು ಕಂಪನಿ ತೀರ್ಮಾನಿಸಿದಂತಿದೆ.

ಮಕ್ಕಳ ಸಾಲಿನಲ್ಲಿ ಓಡುವ ರೈಲು ಇನ್ನೂ ಇದೆ. 2022ರ ಎಕ್ಸ್‌ಪ್ರೆಸ್ ಪ್ಯಾಸೆಂಜರ್ ರೈಲು, ಗೂಡ್ಸ್ ರೈಲು ಎರಡರಲ್ಲೂ ಮೋಟಾರು, ಹಬ್, ರಿಮೋಟು, ಒಂದು ಸುತ್ತಿಗೆ ಸಾಕಾಗುವಷ್ಟು ಹಳಿ ಸಿಗುತ್ತವೆ. ಬೆಲೆಗೆ ತಕ್ಕ ಆಟ ಸಿಗುವುದು ಇವುಗಳಲ್ಲೇ, ಓರಿಯಂಟ್ ಎಕ್ಸ್‌ಪ್ರೆಸ್ಸಿನಲ್ಲಲ್ಲ. ಕೊರತೆ ಅದೇ ಹಳೆಯದು: ಒಂದು ಜೋಡಿ ಪಾಯಿಂಟ್ಸ್ ಇಲ್ಲ. ಪಾಯಿಂಟ್ಸ್ ಇಲ್ಲದ ಮಾರ್ಗದಲ್ಲಿ ರೈಲು ಸುತ್ತುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಅರ್ಧ ಗಂಟೆಯಲ್ಲಿ ಮಗುವಿಗೆ ಬೇಸರ. ಒಂದು ಜೋಡಿ ಪಾಯಿಂಟ್ಸ್ ಬಂದ ಕೂಡಲೇ ಒಂದು ಗಾಡಿ ಲೂಪಿನಲ್ಲಿ ಕಾಯಬೇಕು, ಇನ್ನೊಂದು ದಾಟಬೇಕು, ಗೂಡ್ಸನ್ನು ಹಿಂದೆ ತಳ್ಳಿ ಬೋಗಿ ಬಿಡಿಸಬೇಕು. ಅಲ್ಲಿಂದ ರೈಲ್ವೆ ಶುರು. ಕ್ರಾಸಿಂಗಿಗಾಗಿ ಸಣ್ಣ ಸ್ಟೇಷನ್ನಿನಲ್ಲಿ ಮುಕ್ಕಾಲು ಗಂಟೆ ಕೂತು ಶೇಂಗಾ ತಿಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಳಿಯ ಹುಚ್ಚು ಎಲ್ಲಿಯವರೆಗೆ ಹೋಗಬಲ್ಲದು ಎನ್ನುವುದಕ್ಕೆ ಡೆನ್ಮಾರ್ಕಿನವರೇ ಸಾಕ್ಷಿ. 2013ರಲ್ಲಿ ಅಲ್ಲಿನ ಹವ್ಯಾಸಿಗಳು ಸೇರಿ ನಾಲ್ಕು ಕಿಲೋಮೀಟರ್ ಉದ್ದ ಲೆಗೊ ಹಳಿ ಹಾಸಿ ಗಿನ್ನೆಸ್ ದಾಖಲೆ ಮಾಡಿದರು. ಬಳಸಿದ ತುಣುಕು 93 ಸಾವಿರಕ್ಕೂ ಹೆಚ್ಚು.

ಭಾರತದ ರೈಲನ್ನು ಲೆಗೊ ಈವರೆಗೆ ಸೆಟ್ ಮಾಡಿಲ್ಲ. ಮಾಡಬೇಕೆಂದು ಹೊರಟವರು ಸ್ವಂತವಾಗಿಯೇ ಕಟ್ಟಬೇಕು, ಅದಕ್ಕೆ ಮೊದಲು ಲೆಕ್ಕ ಹಾಕಬೇಕು. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ. ಅದನ್ನು 37.5ಕ್ಕೆ ಇಳಿಸಿದರೆ ಸುಮಾರು 45ನೇ ಪಾಲು. ಎಲ್‌ಎಚ್‌ಬಿ ಎಂಬ ಮಾದರಿಯ ಒಂದು ಪ್ರಯಾಣಿಕ ಬೋಗಿಯ ಅಗಲ 3.24 ಮೀಟರು, ಅದು ಒಂಬತ್ತು ಸ್ಟಡ್ ಆಗುತ್ತದೆ. ಉದ್ದ ಸುಮಾರು 23.5 ಮೀಟರು, ಅದು 52 ಸೆಂ.ಮೀ. ಆಗುತ್ತದೆ. ಹದಿನಾರು ಬೋಗಿಯ ವಂದೇ ಭಾರತ್ ಸುಮಾರು 384 ಮೀಟರ್ ಉದ್ದದ ಗಾಡಿ. ಅದನ್ನು ಪೂರ್ತಿ ಕಟ್ಟಿದರೆ ಎಂಟೂವರೆ ಮೀಟರು! ಹಾಲಿನಿಂದ ಹೊರಟು ಅಡುಗೆಮನೆ ದಾಟಿ ಹಿತ್ತಲ ಬಾಗಿಲಿಗೆ ಬಂದು ನಿಲ್ಲುತ್ತದೆ. ಇನ್ನು ತಿರುವು. ಭಾರತೀಯ ರೈಲ್ವೆಯ ಬ್ರಾಡ್‌ಗೇಜ್ ನಿಯಮದಲ್ಲಿ ಅತಿ ಬಿಗಿ ತಿರುವಿನ ತ್ರಿಜ್ಯ 175 ಮೀಟರು. 45ನೇ ಪಾಲಿಗೆ ಇಳಿಸಿದರೂ ಅದು 3.9 ಮೀಟರು. ಲೆಗೊ ಕೊಡುವುದು 32 ಸೆಂ.ಮೀ. ಆದ್ದರಿಂದ ನಮ್ಮ ರೈಲು ಕಟ್ಟುವವರು ಅಗಲವನ್ನು ಎಂಟಕ್ಕೋ ಆರಕ್ಕೋ ಇಳಿಸಿ, ಉದ್ದವನ್ನು ಇನ್ನೂ ಮೊಟಕು ಮಾಡಿ, ಬಣ್ಣ ಮತ್ತು ಕಿಟಕಿಯ ಸಾಲಿನಲ್ಲಿ ಹೋಲಿಕೆ ತರಬೇಕಾಗುತ್ತದೆ. ಕಣ್ಣಿಗೆ ಅಷ್ಟೇ ಸಾಕು.

ಬಿಡಿ ತುಣುಕು ಕೊಳ್ಳುವವರಿಗೆ ಬ್ರಿಕ್‌ಲಿಂಕ್ ಎಂಬ ಅಂತರ್ಜಾಲದ ಸಂತೆ ಇದೆ. ಡಾನ್ ಯೆಜೆಕ್ ಎಂಬ ಹವ್ಯಾಸಿ 2000ದಲ್ಲಿ ಶುರುಮಾಡಿದ್ದು. 2019ರಲ್ಲಿ ಲೆಗೊ ಕಂಪನಿಯೇ ಅದನ್ನು ಕೊಂಡುಕೊಂಡಿತು. ಲೋಹದ ಹಳಿ, ಹಳೆಯ ಮೋಟಾರು, ಎಮರಾಲ್ಡ್ ನೈಟಿನ ಚಕ್ರ ಎಲ್ಲವೂ ಅಲ್ಲಿ ಸಿಗುತ್ತವೆ. ಭಾರತಕ್ಕೆ ತರಿಸುವವರಿಗೆ ಮಾತ್ರ ಸುಂಕದ ಬಿಸಿ. ಆಟಿಕೆಗಳ ಆಮದು ಸುಂಕ 2020ರಲ್ಲಿ 20ರಿಂದ 60 ಶೇಕಡಕ್ಕೆ, 2023ರಲ್ಲಿ 70 ಶೇಕಡಕ್ಕೆ ಏರಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಗುಣಮಟ್ಟದ ಬಿಐಎಸ್ ಗುರುತು ಕಡ್ಡಾಯವಾಯಿತು. ಭೌಗೋಳಿಕ ಸೂಚಿಕೆ ಪಡೆದ ಕುಶಲಕರ್ಮಿಗಳ ಆಟಿಕೆಗೆ ಈ ನಿಯಮದಿಂದ ವಿನಾಯಿತಿ ಇರುವುದರಿಂದ ಚನ್ನಪಟ್ಟಣದ ಅರಗಿನ ಬಣ್ಣದ ಮರದ ರೈಲಿಗೆ ತೊಂದರೆಯಿಲ್ಲ. ಪ್ಲಾಸ್ಟಿಕ್ ರೈಲಿನವರು ಜೇಬು ಮುಟ್ಟಿ ನೋಡಿಕೊಳ್ಳಬೇಕು.

ಹಳೆಯ ಸೆಟ್ ಕೊಳ್ಳುವಾಗ ಎರಡು ಎಚ್ಚರಿಕೆ. ಬಿಸಿಲಿಗೆ ಬಿದ್ದ ಬಿಳಿ ಇಟ್ಟಿಗೆ ಹಳದಿಯಾಗಿರುತ್ತದೆ. ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ನೆನೆಸಿ ಬಿಸಿಲಿಗಿಟ್ಟರೆ ಬಹುಮಟ್ಟಿಗೆ ತಿಳಿಯಾಗುತ್ತದೆ, ಆದರೆ ಅದು ಮಕ್ಕಳ ಕೈಗೆ ಕೊಡುವ ಕೆಲಸವಲ್ಲ. ಹಾಗೆಯೇ ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸಲು ಕೇಳಿ. ಒಳಗಿನ ಲೋಹದ ಎಲೆಗಳ ಮೇಲೆ ಹಸಿರು ಅಥವಾ ಬಿಳಿ ಪುಡಿ ಕಂಡರೆ ಸೆಲ್ ಸೋರಿದೆ ಎಂದರ್ಥ. ಬೆಲೆ ಎಷ್ಟೇ ಕಡಿಮೆ ಇದ್ದರೂ ಬೇಡ.

ಹೊಸದಾಗಿ ಶುರುಮಾಡುವವರು ಮೊದಲು ಮನೆಯ ನೆಲವನ್ನು ಟೇಪಿನಿಂದ ಅಳೆದುಕೊಳ್ಳಲಿ. ಮೋಟಾರು ಇರುವ ಸಾಧಾರಣ ಸೆಟ್ ಒಂದು ಸಾಕು. ಎರಡನೇ ಬಾರಿ ದುಡ್ಡು ಕೂಡಿದಾಗ ಇನ್ನೊಂದು ಎಂಜಿನ್ ಕೊಳ್ಳುವ ಆಸೆಯಾಗುತ್ತದೆ. ಅದನ್ನು ತಡೆದು ಒಂದು ಜೋಡಿ ಪಾಯಿಂಟ್ಸ್, ಎಂಟು ಹತ್ತು ನೇರ ಹಳಿ ಕೊಳ್ಳಿ. ಆಟ ಮುಗಿದ ಮೇಲೆ ಹಬ್ಬಿನಿಂದ ಸೆಲ್ ತೆಗೆದಿಡಲು ಮರೆಯಬೇಡಿ.